ಎರಡು ಅರ್ಜಿ, ಒಂದೇ ಚೀಲ

ನಸೀಮಾ ಅಕ್ಕ, ಇಬ್ರಾಹಿಂ ಸಾಬರ ಅರ್ಜಿ ಕೆಡಿಸಿದ್ದು ನೀವಲ್ಲ, ನಾನು. ಎರಡು ವರ್ಷದ ಹಿಂದೆ ಸಭೆಯಲ್ಲಿ ಅದನ್ನು ನಿಮ್ಮ ತಲೆಗೆ ಕಟ್ಟುವಾಗಲೂ ನನಗೆ ಗೊತ್ತಿತ್ತು.

ಚನ್ನಪಟ್ಟಣದ ಬೊಂಬೆ ಕೆಲಸಗಾರರ ನೆರವು ಕೇಂದ್ರದಲ್ಲಿ ನೀವು ಕಂಪ್ಯೂಟರ್ ಮುಂದೆ ಕೂತು ಅವರ ಅರ್ಜಿ ತುಂಬುತ್ತಿದ್ದಿರಿ. ಆ ವೆಬ್‌ಸೈಟ್ ಕಟ್ಟಿದ್ದು ರಾಮನಗರದ ನಮ್ಮ ಸಣ್ಣ ಕಚೇರಿ. ಚಿಕಿತ್ಸೆಯ ನೆರವಾಗಲಿ, ಮಕ್ಕಳ ವಿದ್ಯಾರ್ಥಿವೇತನವಾಗಲಿ, ಎಲ್ಲಕ್ಕೂ ಐದೇ ಹಂತ: ಹೆಸರು, ಮನೆ, ಕೆಲಸ, ದಾಖಲೆ, ಕೊನೆಗೆ ಒಪ್ಪಿಗೆ. ಹಂತಗಳನ್ನು ನಡೆಸುವ ಒಂದೇ ಪ್ರೋಗ್ರಾಂ, ನಮ್ಮ ಮಾತಿನಲ್ಲಿ ಕಂಟ್ರೋಲರ್, ಬರೆದು ಎಲ್ಲ ಅರ್ಜಿಗೂ ಬಳಸೋಣ ಎಂದವಳು ನಾನು. ಅದು ತಪ್ಪಲ್ಲ, ಈಗಲೂ ವಾದಿಸುತ್ತೇನೆ. ತಪ್ಪಿದ್ದು ಎಲ್ಲೆಂದರೆ — ಅರ್ಜಿ ಮುಗಿಯುವವರೆಗೆ ತುಂಬಿದ್ದನ್ನು ಇಟ್ಟುಕೊಳ್ಳುವ ಜಾಗವನ್ನೂ ಒಂದೇ ಮಾಡಿದೆ. ಒಂದು ಬ್ರೌಸರಿಗೆ ಒಂದೇ ಚೀಲ.

ಜೊತೆಗಾರ ಮಹದೇವ ಅಂದೇ ಹೇಳಿದ್ದ. "ಅರ್ಜಿಗೊಂದು ನಂಬರ್ ಕೊಟ್ಟು ಬೇರೆ ಬೇರೆ ಇಡಾಣ ಕಣಕ್ಕ. ಎರಡು ಒಟ್ಟಿಗೆ ತೆಗುದ್ರೆ ಕಲಸ್ಕೊಂಡ್ಬುಡ್ತವೆ."

"ಎರಡು ಒಟ್ಟಿಗೆ ಯಾರು ತೆಗೀತಾರೆ? ಒಂದು ಉದಾಹರಣೆ ಕೊಡು."

ತಡವರಿಸಿದ. "ಕಪ್ ಗೆದ್ದೋಳು ನೀನು, ನಿನ್ ಬಾಯಿಗೆ ಯಾರು ಬಂದಾರು" ಎಂದು ನಕ್ಕು ಬಿಟ್ಟುಕೊಟ್ಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅದು — ಎದುರಿನವರು ತಡವರಿಸಿದರೆ ನಾನು ಸರಿ.

ಉದಾಹರಣೆ ನಿಮ್ಮ ಮೇಜಿನ ಮೇಲಿತ್ತು. ನಾನು ಒಂದು ದಿನವೂ ಬಂದು ನೋಡಲಿಲ್ಲ. ಕಣ್ಣಿನ ಆಪರೇಷನ್ನಿಗೆ ನೆರವು ಕೇಳಲು ಬಂದ ಸಾಬರು ದಾಖಲೆಯ ಹಂತದಲ್ಲಿ ಜೆರಾಕ್ಸ್ ತರಲು ಹೊರಗೆ ಹೋದರು. ಬೆಂಚಿನಲ್ಲಿ ಕೂತವರನ್ನು ಕಾಯಿಸಬಾರದೆಂದು ನೀವು ಇನ್ನೊಂದು ಟ್ಯಾಬಿನಲ್ಲಿ ಲಕ್ಷ್ಮಮ್ಮನವರ ಅರ್ಜಿ ತೆರೆದಿರಿ. ಸಾಬರು ಮರಳಿದಾಗ ಹಳೆಯ ಟ್ಯಾಬಿಗೆ ಹೋಗಿ ಅವರ ಕಾಗದ ಸೇರಿಸಿ ಕಳಿಸಿದಿರಿ. ಚೀಲದಲ್ಲಿ ಅಷ್ಟರಲ್ಲಿ ಲಕ್ಷ್ಮಮ್ಮನವರ ಹೆಸರಿತ್ತು; ಸಾಬರ ಕಾಗದ ಆ ಹೆಸರಿನಲ್ಲಿ ಹೋಯಿತು. ತುಂಬಿದ್ದನ್ನು ಕೊನೆಗೊಮ್ಮೆ ತೋರಿಸುವ ಪುಟ ಬೇಡವೆಂದವಳೂ ನಾನೇ — ನಿಮಗೆ ಕಾಣುವ ದಾರಿಯೇ ಇರಲಿಲ್ಲ. ಅರ್ಜಿ ತಿರಸ್ಕೃತವಾಯಿತು, ಆಪರೇಷನ್ ಮುಂದೆ ಹೋಯಿತು.

ಸಭೆಯ ಹಿಂದಿನ ದಿನ ನನ್ನ ಕಂಪ್ಯೂಟರಿನಲ್ಲಿ ಎರಡು ಟ್ಯಾಬ್ ತೆರೆದು ನೋಡಿದ್ದೆ. ಮೊದಲ ಸಲಕ್ಕೇ ಕಲಸಿಕೊಂಡಿತು. ಆದರೂ ಮರುದಿನ ಕೇಂದ್ರದ ಸಮಿತಿಯವರೆದುರು ನಿಮ್ಮನ್ನು ಕೇಳಿದೆ —

"ಒಂದೇ ಹೊತ್ತಿಗೆ ಇಬ್ಬರ ಅರ್ಜಿ ತೆರೆದಿದ್ರೋ ಇಲ್ವೋ? ಹೌದಾ, ಇಲ್ವಾ, ಅಷ್ಟು ಹೇಳಿ."

"ಔದು ಕಣಮ್ಮ, ಆದ್ರೆ…"

"ಅಷ್ಟು ಸಾಕು."

ಆ ವಾರವೇ ನಿಮ್ಮನ್ನು ಕೆಲಸದಿಂದ ಬಿಡಿಸಿದರು. ಆ ವಾರವೇ ನಾನು ಪ್ರತಿ ಅರ್ಜಿಗೂ ಬೇರೆ ಜಾಗ ಮಾಡಿ, ಬದಲಾವಣೆಯ ಟಿಪ್ಪಣಿಯಲ್ಲಿ "ಸಣ್ಣ ಸುಧಾರಣೆ" ಎಂದು ಬರೆದೆ. ಮಹದೇವ ಓದಿದ. ನನ್ನ ಮುಖ ನೋಡಿದ, ಮತ್ತೆ ತನ್ನ ಪರದೆಗೆ ತಿರುಗಿದ.

ಹೋದ ತಿಂಗಳು ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ನೀವೇ ಬಂದು ಮಾತಾಡಿಸಿದಿರಿ. ರೇಷ್ಮೆ ನೂಲು ತೆಗೆಯುವ ಕಡೆ ಹೋಗುತ್ತಿದ್ದೀರಂತೆ. ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು.

"ನಾನು ಅವತ್ತು ಎರಡು ಒಟ್ಟಿಗೆ ತೆಗೀಬಾರ್ದಾಗಿತ್ತು. ಪಾಪ ಸಾಬ್ರು… ನಿನ್ ಕೆಲಸಕ್ಕೇನೂ ತೊಂದ್ರೆ ಆಗ್ನಿಲ್ವಲ್ಲ ಕಣಮ್ಮ?"

ಬೈದಿದ್ದರೆ ವಾದಿಸುತ್ತಿದ್ದೆನೇನೋ. ನೀವು ಎರಡು ವರ್ಷ ನನ್ನ ಸುಳ್ಳನ್ನು ನಂಬಿ, ಆ ತಪ್ಪನ್ನು ನಿಮ್ಮದೆಂದೇ ಹೊತ್ತಿದ್ದೀರಿ — ಬಸ್ಸು ಬಂತು, ನಾನು ಹತ್ತಿದೆ. ಅಂದೂ ಹೇಳಲಿಲ್ಲ.

ಈಗ ಇದನ್ನೆಲ್ಲ ಸಮಿತಿಗೆ ಬರೆದು ಸಹಿ ಹಾಕಿದ್ದೇನೆ. ಸೋಮವಾರ ಅದೇ ಕೋಣೆಯಲ್ಲಿ ನಿಂತು ಓದುತ್ತೇನೆ. ನಿಮ್ಮ ಕೆಲಸ ಮರಳುತ್ತದೆಂಬ ಖಾತ್ರಿ ನನಗಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಬರಲೊಪ್ಪಿದರೆ, ಅಂದಿನ ಆ "ಆದ್ರೆ" ಆದ ಮೇಲೆ ಏನಿತ್ತೋ ಅದನ್ನು ಎಲ್ಲರೆದುರು ಪೂರ್ತಿ ಹೇಳಿ. ನಾನು ನಡುವೆ ಬಾಯಿ ಹಾಕುವುದಿಲ್ಲ.