ಹೆಬ್ಬೆರಳಷ್ಟು ಹೆಚ್ಚು

ಇಚಲಕರಂಜಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಚಿಕ್ಕಮ್ಮನೆಂಬಂತೆ ನಾವು ಮಾವಶಿ ಎಂದು ಕರೆಯುತ್ತಿದ್ದವರು, ಬೇರೆ ಹೆಂಗಸರು ಕೀಲಿಗೊಂಚಲು ಸಿಕ್ಕಿಸಿಕೊಳ್ಳುವ ಸೊಂಟದಲ್ಲಿ ಉಕ್ಕಿನ ಟೇಪು ಸಿಕ್ಕಿಸಿಕೊಂಡಿರುತ್ತಿದ್ದರು. ಮಂಚ, ಬಾಗಿಲು ಎಲ್ಲವನ್ನೂ ಅವರೇ ರಿಪೇರಿ ಮಾಡಿಕೊಳ್ಳುತ್ತಿದ್ದರು.

ಮಂಡಿನೋವಿನ ಅವ್ವನಿಗೆ ಡಬ್ಬಿಗಳಿಗಾಗಿ ಬಗ್ಗುವುದು ತಪ್ಪಲೆಂದು, ಅಡುಗೆಮನೆಯ ಎರಡು ಗೋಡೆಗಳ ನಡುವೆ ನಾನೊಂದು ಹಲಗೆ ಕೂರಿಸಲು ಹೊರಟಿದ್ದೆ. ಅಳತೆ ಕೊಟ್ಟು ಕೊಯ್ಸಿ ತಂದ ಹಲಗೆ ಒಳಗೆ ಹೋಗಲೇ ಇಲ್ಲ. ಬಟ್ಟೆ ಅಂಗಡಿಯಲ್ಲಿ ದುಡಿಯುವ ಕೈ ನನ್ನದು. ಅಲ್ಲಿ ಗಿರಾಕಿಗೆ ಹೆಬ್ಬೆರಳಷ್ಟು ಹೆಚ್ಚು ಬಿಟ್ಟೇ ಕತ್ತರಿಸುತ್ತೇವೆ. ಹಲಗೆಗೂ ಹಾಗೆಯೇ ಬಿಟ್ಟಿದ್ದೆ.

ನೋಡಲು ಬಂದ ಮಾವಶಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅರಿವಿ ಕುಗ್ಗತೈತಿ ಅಂತ ಬೆರಳು ಬಿಡ್ತೀರಿ. ಗ್ವಾಡಿ ಹಿಗ್ಗತೈತೇನ?”

ಆಮೇಲೆ ಟೇಪನ್ನು ನನ್ನ ಕೈಗಿಟ್ಟು, ಗೆರೆಗಳ ಮೇಲೆ ಉಗುರೂರಿ ಕಲಿಸಿದರು. “ಇಂಚಿನ ನಡುವಿನ ಉದ್ದ ಗೆರಿ ಅರ್ಧಾ. ಅದಕ್ಕಿಂತ ಗಿಡ್ಡದು ಪಾವ, ಅಂದ್ರ ಕಾಲು. ಥಾಂಬ, ತಡಿ, ಗೆರಿ ಎಲ್ಲಿಗೂ ಓಡಿ ಹೋಗೂದಿಲ್ಲ.” ನಾನು ಅವಸರ ಮಾಡಿದಾಗಲೆಲ್ಲ ಅದೇ ಮಾತು. ಹೊಸ ಅಳತೆಗೆ ಕೊಯ್ದ ಹಲಗೆ ಸಂಜೆಗೆ ಬಿಗಿಯಾಗಿ ಕೂತಿತು. ಅವ್ವ ನಿಂತಲ್ಲೇ ಚಹಾಪುಡಿ ತೆಗೆದಳು.

ಹೋದ ವರ್ಷ ಮಾವಶಿ ಗಡಹಿಂಗ್ಲಜದ ಮಗಳ ಮನೆಗೆ ಇರಲು ಹೊರಟರು. ಹೊರಡುವ ಮುಂಚೆ ನಮ್ಮ ಅಂಗಡಿಗೆ ಬಂದು ಕುಪ್ಪಸದ ಖಣ ಕೇಳಿದರು. ಕಲಿತದ್ದನ್ನು ತೋರಿಸುವ ಹುಮ್ಮಸ್ಸಿನಲ್ಲಿ ನಾನು ಗೆರೆಗೆ ಸರಿಯಾಗಿ ಕತ್ತರಿ ಇಟ್ಟೆ. ಅವರು ನನ್ನ ಹೆಬ್ಬೆರಳು ಹಿಡಿದು ಮುಂದಕ್ಕೆ ಸರಿಸಿದರು.

“ಅರಿವಿಗಿ ಬಿಡಬೇಕವಾ.”

ಕತ್ತರಿಸಿ ಕೊಟ್ಟ ಖಣವನ್ನು ಮಡಿಚಿ, ನನ್ನ ಉಡಿಗೇ ಹಾಕಿದರು.