ಹೆಪ್ಪಿನ ಹಾಲವ್ವ

ಹತ್ತಿಮತ್ತೂರಿನ ಹಾಲವ್ವ ಏನು ಬೇಕಾದರೂ ಮೊದಲು ಕೇಳುತ್ತಿದ್ದದ್ದು ಮೊಸರಿನ ಹೆಪ್ಪು. ಕಳೆ ತೆಗೆಯಲು ಆಳು ಬೇಕಾದಾಗಲೂ, ಮಗಳಿಗೆ ಗಂಡು ಹುಡುಕುವಾಗಲೂ ಬಟ್ಟಲು ಹಿಡಿದು ಮಂದಿಯ ಕಟ್ಟೆಗೆ ಬಂದು ಕೂತು, "ಒಂದೀಟು ಹೆಪ್ಪು ಕೊಡ್ರೆವ್ವಾ" ಅಂತ ಶುರು ಮಾಡಿ, ಎಮ್ಮೆ, ಮಳೆ, ಕಂಡವರ ಸೊಸೆಯರ ಸುದ್ದಿಯೆಲ್ಲ ಮುಗಿಸಿ, ಎದ್ದು ಹೋಗುವಾಗ ಖರೆ ಮಾತು ಹೇಳುವಾಕಿ. ನೆಟ್ಟಗೆ ನೆರವು ಕೇಳಿದರೆ ಮನೆತನದ ಮರ್ಯಾದೆ ಹೋಗುತ್ತದಂತೆ. ಸುಡು ಆ ಮರ್ಯಾದೆ! "ಈಕಿ ಒಯ್ದ ಹೆಪ್ಪಿಗೆ ಊರ ಕೆರಿನೂ ಮೊಸರಾಗತಿತ್ತು" ಅಂತ ಓಣಿಯ ಹೆಂಗಸರು ನಗುತ್ತಿದ್ದರು. ಪ್ಲೇಗು ಬಂದ ವರ್ಷ ಒಂದು ಸಂಜೆ ಹಾಲವ್ವ ಬರಿಗೈಯಲ್ಲಿ ಓಡಿ ಬಂದಳು. "ಬಟ್ಲ ಎಲ್ಲೈತಿ? ಎಮ್ಮಿ ಹಾಲು ಬತ್ತೈತೇನ?" ಅಂದಳು ನೆರೆಮನೆಯ ಫಕ್ಕೀರವ್ವ. "ಗಂಡನ ಬಗಲಾಗ ಗಡ್ಡಿ ಎದ್ದೈತಿ. ಎತ್ತಿ ನೀರು ಕುಡಿಸಾಕ ಒಬ್ಬಾಕಿ ಕೈಲೆ ಆಗವಲ್ದು, ಬಾ ಯಕ್ಕಾ." ಫಕ್ಕೀರವ್ವ ಹಿಂದೆ ಸರಿದು ಬಾಗಿಲು ಹಾಕಿದಳು. ಬೆಳಗಾಗುವಷ್ಟರಲ್ಲಿ ಓಣಿಗೆ ಓಣಿಯೇ ಊರಾಚೆಯ ಹೊಲದ ಗುಡಿಸಲುಗಳಿಗೆ ಎದ್ದು ಹೋಗಿತ್ತು. ಹಾಲವ್ವ ಮಾತ್ರ ಬೀಗ ಹಾಕಿದ ಒಂದೊಂದೇ ಬಾಗಿಲು ಬಡಿಯುತ್ತ, "ಒಂದು ಕೈ ಹಿಡೀರೆವ್ವಾ, ಮಣ್ಣು ಮಾಡಬೇಕು" ಅನ್ನುತ್ತಿದ್ದಳು.