ಮಳೆಗೂ ಬೇಗಂಬಿಗೂ ಇರುವ ನಂಟು

ಬೇಗಂಬಿ ಮೆಲ್ಲಗೆ ಮಾತಾಡಿದ್ದನ್ನು ಗೋಕಾಕದಲ್ಲಿ ಯಾರೂ ಕೇಳಿಲ್ಲ. ಹುಟ್ಟಿ ಬೆಳೆದದ್ದು ಗೋಕಾಕ ಫಾಲ್ಸಿನಲ್ಲಿ. ಬೀಳುವ ನೀರಿನ ಸದ್ದಿಗೆ ಪೈಪೋಟಿಯಾಗಿ ಆ ಮನೆಯಲ್ಲಿ ಎಲ್ಲರದೂ ಏರುದನಿಯೇ. ಈಗ ಖಂಡೆಪ್ಪನ ಕರದಂಟಿನ ಅಂಗಡಿಯಲ್ಲಿ ಬೆಲ್ಲದ ಪಾಕ ಮಾಡುತ್ತಾಳೆ, ಕೈಯಲ್ಲಿ ಸೌಟು, ಬಾಯಲ್ಲಿ ಊರ ಸುದ್ದಿ. ತಮ್ಮನ ಮಗಳು ತಮನ್ನಾ ನಿಡಸೋಸಿಯ ಕಾಲೇಜಿನಿಂದ ಬಂದವಳೇ ಮನೆಗೂ ಹೋಗದೆ ಫುಪ್ಪಿಯ, ಅಂದರೆ ಈ ಸೋದರತ್ತೆಯ, ಒಲೆಯ ಹತ್ತಿರ ಓಡಿಬರುತ್ತಾಳೆ. ಅವಳ ಪಾಲಿನ ಬಿಸಿ ತುಣುಕು ಅಲ್ಲಿ ಕಾದಿರುತ್ತದೆ.

ಈ ಸಲ ತಮನ್ನಾ ಪ್ರಾಜೆಕ್ಟಿಗೆ ಕರದಂಟನ್ನೇ ಹಿಡಿದಳು: ಯಾವ ತಟ್ಟೆಯ ಕರದಂಟು ಗಟ್ಟಿ ನಿಲ್ಲದೆ ಮೆತ್ತಗಾಗುತ್ತದೆ ಎಂದು ಮೊದಲೇ ಹೇಳುವ ಕಂಪ್ಯೂಟರ್ ಮಾಡೆಲ್. ಬೆಲ್ಲ ಹಳೆಯದೋ, ಮಳೆ ಇದೆಯೋ, ಪಾಕ ಮಾಡಿದವರು ಯಾರು, ಹೀಗೆ ಒಂದೊಂದು ಪ್ರಶ್ನೆಗೂ ಕವಲೊಡೆಯುವ ನೂರಾರು ಮರಗಳು ಕೂಡಿ ಉತ್ತರ ಕೊಡುತ್ತವೆ. ಯಾವ ಎರಡು ಸಂಗತಿ ಜೊತೆಯಾದಾಗ, ಅವು ಬಿಡಿಬಿಡಿಯಾಗಿ ಮಾಡದ್ದು ಆಗುತ್ತದೆ ಎಂದೂ ಅಳೆದಳು. ಮಳೆ ಮತ್ತು ಬೇಗಂಬಿ! ಈ ಜೋಡಿಯ ಅಂಕಿ ಎಲ್ಲಕ್ಕಿಂತ ಮೇಲೆ. ಖುಷಿ ತಡೆಯಲಾಗದೆ ಅದನ್ನು ಖಂಡೆಪ್ಪನಿಗೆ ಹೇಳಿಯೂಬಿಟ್ಟಳು.

ಖಂಡೆಪ್ಪನ ಮುಖ ಸಣ್ಣದಾಯಿತು. ಮಳೆಯಲ್ಲಿ ಬೇಗಂಬಿಯ ಪಾಕ ಕೆಡುತ್ತದೆಂದೇ ಅವನು ತಿಳಿದ. ಮಳೆಗಾಲ ಮುಗಿಯುವವರೆಗೆ ಬೇಗಂಬಿ ಒಲೆ ಬಿಟ್ಟು ಪ್ಯಾಕಿಂಗಿಗೆ ಕೂರಲಿ ಎಂದ. ಬೇಗಂಬಿ ಸೌಟು ಕೆಳಗಿಟ್ಟಳು. ಅಂಗಡಿಯಲ್ಲಿ ಮೊದಲ ಸಲ ಪಾಕ ಕುದಿಯುವ ಸದ್ದು ಕೇಳಿತು.

ತಮನ್ನಾಳಿಗೆ ತನ್ನ ತಪ್ಪು ಹೊಳೆಯಿತು. ತಾನು ಅಳೆದದ್ದು ನಂಟು ಎಷ್ಟು ಗಟ್ಟಿ ಎಂಬುದನ್ನಷ್ಟೇ. ಅದು ಕೆಡಿಸುವ ನಂಟೋ ಕಾಯುವ ನಂಟೋ ಎಂದು ನೋಡಿರಲೇ ಇಲ್ಲ. ಅಲ್ಲೇ ಗೋಡಂಬಿ ಡಬ್ಬದ ಮೇಲೆ ಲ್ಯಾಪ್‌ಟಾಪ್ ತೆರೆದು, ಮಳೆಯ ದಿನ ಬೇರೆ, ಒಣ ದಿನ ಬೇರೆ ಮಾಡಿ, ಪಾಕ ಮಾಡುವ ಒಬ್ಬೊಬ್ಬರಿಗೂ ಒಂದೊಂದು ಗೆರೆ ಎಳೆಸಿದಳು. ಒಣ ದಿನ ಎಲ್ಲರೂ ಒಂದೇ ಮಟ್ಟ. ಮಳೆ ಹಿಡಿದರೆ ಮಾತ್ರ ಗೆರೆಗಳು ದೂರ ದೂರ.

"ಕಾಕಾ, ನಾ ಅರ್ಧಾ ಅಷ್ಟ ಹೇಳಿದ್ನಿರಿ. ಮಳಿ ಬಂದ್ರ ಉಳಿದವ್ರದು ಮೆತ್ತಗಾಗ್ತೈತಿ, ಫುಪ್ಪಿದು ಅಷ್ಟ ಗಟ್ಟಿ ನಿಂದರ್ತೈತಿ."

ಖಂಡೆಪ್ಪ ಗೆರೆ ನೋಡಿದ, ಬೇಗಂಬಿಯನ್ನು ನೋಡಿದ, ತಲೆ ಕೆರೆದುಕೊಂಡ. "ಮಳಿ ಮುಗಿಯೂತನಕಾ ನಿನಗ ರಜಾ ಇಲ್ಲ ನೋಡವಾ."

"ಪೂರಾ ನೋಡೂಕಿಂತ ಮೊದಲ ಒದರೂದು ನಮ್ಮ ಮನಿತನದ ಚಾಳಿ," ಎಂದು ಬೇಗಂಬಿ ಬೀದಿಗೆಲ್ಲ ಕೇಳುವಂತೆ ಬೈದಳು. ಆದರೂ ತಮನ್ನಾಳ ಪಾಲಿನ ತುಣುಕು ಅವತ್ತು ತುಸು ದೊಡ್ಡದೇ ಇತ್ತು.